ನಿಮ್ದು ಯಾವ ಹೌಸು?

ಹಿಂದೆ ವಿಮಾನದ ಸದ್ದು ಕೇಳಿಸಿದ್ರೆ ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ. ನಾನಿರೋದು ಜಕ್ಕೂರಿನಲ್ಲಿ, ಏರೋಡ್ರೋಮ್‌ಗೆ ಹತ್ರ. ಬೆಡ್‌ಶೀಟ್ ಹೊದ್ಕೊಂಡು ರೆಕಾರ್ಡ್ ಮಾಡಿದ್ರೂ ಆ ಸದ್ದು ಒಳಗೆ ಬಂದೇ ಬರುತ್ತೆ.

ಈ ಸಲದ ಎಪಿಸೋಡ್ ಶುರುವಾಗಿದ್ದು ನಮ್ಮ ಬಿಲ್ಡಿಂಗ್‌ನ ಲಿಫ್ಟ್‌ನಲ್ಲಿ. ಕೆಳಗಿನ ಮನೆ ಹುಡುಗ, ಮೂರನೇ ಕ್ಲಾಸು. ಹಳದಿ ಟೀಶರ್ಟು, ಬಿಳಿ ಕ್ಯಾನ್ವಾಸ್ ಶೂ, ಎದೆ ಮೇಲೆ ಹೊಸ ಬ್ಯಾಡ್ಜು. ನನ್ನನ್ನ ಮೇಲಿಂದ ಕೆಳಗೆ ನೋಡಿ ಕೇಳಿದ: “ಅಣ್ಣ, ಸ್ಕೂಲಲ್ಲಿ ನಿಮ್ದು ಯಾವ ಹೌಸು?” ಗ್ರೀನ್ ಅಂದೆ. ಒಂಥರಾ ಮುಖ ಸಿಂಡರಿಸ್ಕೊಂಡ. ಅವನದು ಯೆಲ್ಲೋ, ಅವನ ಪ್ರಕಾರ ಗ್ರೀನ್ ಹೌಸ್‌ನವರು ಯಾವಾಗಲೂ ಸೋಲ್ತಾರಂತೆ.

ಪಕ್ಕದಲ್ಲಿದ್ದ ಅಮ್ಮ ಮನೆಗೆ ಬಂದ ಮೇಲೆ ಕೇಳಿದ್ರು, “ಅದೇನೋ ಅದು, ಯಾವ ಹೌಸು ಅಂದ್ರೆ? ಇರೋದು ಇದೊಂದೇ ಮನೆ ತಾನೇ ನಮಗೆ?” ಅಮ್ಮ ಓದಿದ್ದು ದೊಡ್ಡಬಳ್ಳಾಪುರ ಕಡೆಯ ಸರ್ಕಾರಿ ಶಾಲೆಯಲ್ಲಿ. ಅಲ್ಲಿ ಹೌಸು ಇರಲಿಲ್ಲ. ನಾನು ವಿವರಿಸೋಕೆ ಹೋದೆ, ಆಗಲಿಲ್ಲ. ಸಂಜೆಗೆ ಶಾಲೆ ಬಿಟ್ಟು ತಮ್ಮ ತಮ್ಮ ಮನೆಗೆ ಹೋಗೋ ಮಕ್ಕಳನ್ನ ನಾಲ್ಕು ಬಣ್ಣಕ್ಕೆ ಹಂಚಿ, ಅದನ್ನ ‘ಮನೆ’ ಅಂತ ಯಾಕೆ ಕರೀತಾರೆ? ಹತ್ತು ವರ್ಷ ಆ ಬಣ್ಣ ಹಾಕ್ಕೊಂಡು ಓಡಿದ ನನಗೇ ಗೊತ್ತಿರಲಿಲ್ಲ. ಹುಡುಕ್ತಾ ಹೋದೆ.

ಇದರ ಮೂಲ ಇಂಗ್ಲೆಂಡಿನ ಗಂಡುಮಕ್ಕಳ ಬೋರ್ಡಿಂಗ್ ಶಾಲೆಗಳು. ಅಲ್ಲಿ ಹೌಸ್ ಅಂದ್ರೆ ನಿಜವಾದ ಮನೆ. ಇಟ್ಟಿಗೆ ಗೋಡೆ, ಮಲಗೋ ಕೋಣೆ, ಊಟದ ಟೇಬಲ್ಲು, ನೋಡ್ಕೊಳ್ಳೋಕೆ ಒಬ್ಬ ಹೌಸ್‌ಮಾಸ್ಟರ್. ಹುಡುಗ ವರ್ಷಗಟ್ಟಲೆ ಬದುಕ್ತಿದ್ದದ್ದು ಆ ಮನೆಯಲ್ಲಿ, ಅಮ್ಮ ಅಪ್ಪನ ಜೊತೆ ಅಲ್ಲ. ಆಮೇಲೆ ಡೇ ಸ್ಕೂಲ್‌ಗಳು ಅದನ್ನ ನಕಲು ಮಾಡಿದವು. ನಕಲಿನಲ್ಲಿ ಗೋಡೆ ಬಿತ್ತು, ಹಾಸಿಗೆ ಹೋಯ್ತು, ಊಟ ಹೋಯ್ತು. ಉಳಿದದ್ದು ಹೆಸರು, ಪಾಯಿಂಟ್ಸ್ ಪಟ್ಟಿ ಮತ್ತೆ ಟೀಶರ್ಟು. ಅಮ್ಮನ ಪ್ರಶ್ನೆ ಸರಿಯಾಗೇ ಇತ್ತು ಅಂತ ಈಗ ಅನ್ಸುತ್ತೆ.

ಇದು ಬೆಂಗಳೂರಿಗೆ ಬಂದ ದಾರಿಯಲ್ಲಿ ಒಬ್ಬ ಮನುಷ್ಯ ಇದ್ದಾನೆ, ಜಾರ್ಜ್ ಎಡ್ವರ್ಡ್ ಲಿಂಚ್ ಕಾಟನ್. ಹೌದು, ಸೇಂಟ್ ಮಾರ್ಕ್ಸ್ ರೋಡ್ ಹತ್ರ ಇರೋ ಬಿಷಪ್ ಕಾಟನ್ ಶಾಲೆಯ ಕಾಟನ್. ಬಹಳ ಜನ ಅದು ಬಟ್ಟೆ ಕಾಟನ್ನೋ ಏನೋ ಅಂದ್ಕೊಂಡಿರ್ತಾರೆ, ಕಾಲೇಜಿಗೆ ಹೋಗೋವರೆಗೂ ನಾನೂ ಹಾಗೇ ಅಂದ್ಕೊಂಡಿದ್ದೆ.

ಕಾಟನ್ 1837ರಲ್ಲಿ ರಗ್ಬಿ ಅನ್ನೋ ಶಾಲೆಯಲ್ಲಿ ಮೇಷ್ಟ್ರಾಗಿ ಸೇರಿದ. ರಗ್ಬಿ ಆಟ ಹುಟ್ಟಿದ ಊರು ಅಂತಾರಲ್ಲ, ಅದೇ ಶಾಲೆ. ಅಲ್ಲಿ 1828ರಿಂದ ಹೆಡ್‌ಮಾಸ್ಟರ್ ಆಗಿದ್ದವನು ಥಾಮಸ್ ಆರ್ನಾಲ್ಡ್. ಆ ಶಾಲೆಯ ಕತೆ ಹೇಳೋ ‘ಟಾಮ್ ಬ್ರೌನ್ಸ್ ಸ್ಕೂಲ್ ಡೇಸ್’ ಕಾದಂಬರಿ 1857ರಲ್ಲಿ ಬಂತು. ಅದರಲ್ಲಿ ಬರೋ ಒಬ್ಬ ಯುವ ಮೇಷ್ಟ್ರ ಪಾತ್ರಕ್ಕೆ ಮಾದರಿ ಇದೇ ಕಾಟನ್ ಅಂತಾರೆ.

ನನಗೆ ಹೆಚ್ಚು ಮಜಾ ಕೊಟ್ಟಿದ್ದು ಅದರ ಮುಂದಿನ ಕತೆ. ಮಾರ್ಲ್‌ಬರೋ ಅನ್ನೋ ಇನ್ನೊಂದು ಶಾಲೆ. 1851ರಲ್ಲಿ ಅಲ್ಲಿನ ಹುಡುಗರು ದಂಗೆ ಎದ್ರು. ತಮಾಷೆ ಅಲ್ಲ, ಪಟಾಕಿ ಹೊಡೆದು, ಕಿಟಕಿ ಒಡೆದು, ದಿನಗಟ್ಟಲೆ ಶಾಲೆಯನ್ನೇ ನಿಲ್ಲಿಸಿದ್ರು. ಮರುವರ್ಷ, 1852ರಲ್ಲಿ, ಅಲ್ಲಿಗೆ ಹೆಡ್ ಆಗಿ ಹೋದವನು ಕಾಟನ್. ಅವನು ಎರಡು ಕೆಲಸ ಮಾಡಿದ. ದೊಡ್ಡ ಹುಡುಗರಿಗೆ ಅಧಿಕಾರ ಕೊಟ್ಟು ಚಿಕ್ಕವರನ್ನ ನೋಡ್ಕೊಳ್ಳಿ ಅಂದ, ಅವರೇ ಪ್ರಿಫೆಕ್ಟ್‌ಗಳು. ಇನ್ನೊಂದು, ಮಧ್ಯಾಹ್ನ ಸುತ್ತಮುತ್ತಲ ಕಾಡು ತೋಟಕ್ಕೆ ನುಗ್ಗಿ ಪುಂಡಾಟ ಮಾಡ್ತಿದ್ದ ಹುಡುಗರನ್ನ ಮೈದಾನಕ್ಕೆ ಇಳಿಸಿ ಕ್ರಿಕೆಟ್ಟು, ಫುಟ್ಬಾಲು ಆಡಿಸಿದ. ಅಂದ್ರೆ ನಮ್ಮ ಸ್ಪೋರ್ಟ್ಸ್ ಡೇ, ಮಾರ್ಚ್ ಪಾಸ್ಟು, ಹೌಸ್ ಕಪ್ಪು, ಇವುಗಳ ಹಿಂದೆ ‘ಈ ಹುಡುಗರನ್ನ ಸುಸ್ತು ಮಾಡಿಸಪ್ಪಾ’ ಅನ್ನೋ ಲೆಕ್ಕವೂ ಇದೆ. ನಮ್ಮ ಪಿ.ಟಿ. ಸರ್‌ಗೆ ಇದು ಓದದೇ ಗೊತ್ತಿತ್ತು.

1858ರಲ್ಲಿ ಕಾಟನ್ ಕಲ್ಕತ್ತಾದ ಬಿಷಪ್ ಆದ. 1857ರ ಬಂಡಾಯ ಮುಗಿದ ಹೊಸತು. ಇಲ್ಲಿದ್ದ ಇಂಗ್ಲಿಷ್ ಮತ್ತು ಆಂಗ್ಲೋ ಇಂಡಿಯನ್ ಕುಟುಂಬಗಳಲ್ಲಿ ಎಲ್ಲರೂ ಮಕ್ಕಳನ್ನ ಇಂಗ್ಲೆಂಡಿಗೆ ಕಳಿಸುವಷ್ಟು ದುಡ್ಡಿದ್ದವರಲ್ಲ. ಅವರಿಗೋಸ್ಕರ ತಂಪು ಹವೆಯ ಊರುಗಳಲ್ಲಿ ಶಾಲೆ ಬೇಕು ಅನ್ನೋದು ಅವನ ಯೋಜನೆ. ಶಿಮ್ಲಾದಲ್ಲಿ 1859ರಲ್ಲಿ ಒಂದು ಶಾಲೆ ಶುರುವಾಯ್ತು. ಬೆಂಗಳೂರು ಕಂಟೋನ್ಮೆಂಟಿನಲ್ಲಿ 1865ರಲ್ಲಿ ಸ್ಯಾಮ್ಯುಯೆಲ್ ಥಾಮಸ್ ಪೆಟಿಗ್ರೂ ಅನ್ನೋ ಪಾದ್ರಿ ಶುರು ಮಾಡಿದ ಶಾಲೆಗೆ ಕಾಟನ್ ಹೆಸರು ಬಂತು. ಮುಂದಿನ ವರ್ಷವೇ, 1866ರ ಅಕ್ಟೋಬರ್‌ನಲ್ಲಿ, ಬಂಗಾಳದ ಗೊರಾಯ್ ನದಿಯಲ್ಲಿ ದೋಣಿ ಹತ್ತೋ ಹಲಗೆಯಿಂದ ಕಾಲು ಜಾರಿ ಕಾಟನ್ ತೀರ್ಕೊಂಡ. ದೇಹ ಸಿಗಲೇ ಇಲ್ಲ.

ಬೆಂಗಳೂರಲ್ಲಿ ಗಂಡುಮಕ್ಕಳ ಶಾಲೆ ಅಂದ್ರೆ ಇದೊಂದೇ ಅಲ್ಲ. ಸೇಂಟ್ ಜೋಸೆಫ್ಸ್ 1858ರಿಂದಲೇ ಇತ್ತು, ಬಾಲ್ಡ್‌ವಿನ್ 1880ರಲ್ಲಿ ಬಂತು. ಆದ್ರೆ ಪದಗಳ ಜಾಡು ಹಿಡಿಯೋಕೆ ಕಾಟನ್ ಶಾಲೆ ಅನುಕೂಲ, ಯಾಕಂದ್ರೆ ರಗ್ಬಿಯಿಂದ ಇಲ್ಲಿಗೆ ನೇರ ಒಂದು ಗೆರೆ ಎಳೀಬಹುದು. ಅಲ್ಲಿನ ಹೌಸ್‌ಗಳಿಗೆ ಬಣ್ಣದ ಹೆಸರಲ್ಲ, ಮನುಷ್ಯರ ಹೆಸರು. ಪೆಟಿಗ್ರೂ ಅಂತ ಒಂದು, ಪೋಪ್ ಅಂತ ಇನ್ನೊಂದು. ಈ ಪೋಪ್ ರೋಮಿನ ಪೋಪ್ ಅಲ್ಲ, ಜಿ.ಯು. ಪೋಪ್. 1870ರ ದಶಕದಲ್ಲಿ ಶಾಲೆಯ ವಾರ್ಡನ್ ಆಗಿದ್ದವನು, ಆಮೇಲೆ 1886ರಲ್ಲಿ ತಿರುಕ್ಕುರಳನ್ನ ಇಂಗ್ಲಿಷಿಗೆ ತಂದವನು. (‘ವಾರ್ಡನ್’ ಅನ್ನೋದು ಆಗ ಅಲ್ಲಿ ಶಾಲೆಯ ಮುಖ್ಯಸ್ಥನ ಪದವಿ. ನಮಗೆ ವಾರ್ಡನ್ ಅಂದ್ರೆ ಹಾಸ್ಟೆಲ್‌ನಲ್ಲಿ ರಾತ್ರಿ ಒಂಬತ್ತಕ್ಕೆ ಗೇಟ್ ಹಾಕೋರು.)

ಶಾಲೆಯ ಧ್ಯೇಯವಾಕ್ಯ ಲ್ಯಾಟಿನ್‌ನಲ್ಲಿದೆ: ‘ನೆಕ್ ಡೆಕ್ಸ್‌ಟ್ರೋರ್ಸಮ್ ನೆಕ್ ಸಿನಿಸ್ಟ್ರೋರ್ಸಮ್’. ಬಲಕ್ಕೂ ತಿರುಗಬೇಡ, ಎಡಕ್ಕೂ ತಿರುಗಬೇಡ ಅಂತ ಅರ್ಥ. ಬೆಳಿಗ್ಗೆ ಒಂಬತ್ತೂವರೆಗೆ ಹೆಬ್ಬಾಳ ಫ್ಲೈಓವರ್ ಮೇಲೆ ನಿಂತಿರೋರಿಗೆ ಇದು ತುಂಬಾ ಚೆನ್ನಾಗಿ ಅರ್ಥ ಆಗುತ್ತೆ.

ಜಕ್ಕೂರಿನವನಾಗಿ ಒಂದು ವಿಮಾನದ ಕತೆ ಹೇಳದೇ ಮುಂದೆ ಹೋಗೋಕೆ ಮನಸ್ಸಿಲ್ಲ. ಕೊಡಗಿನ ಪಾಲಿಬೆಟ್ಟದ ಹತ್ರ ಒಂದು ಕಾಫಿ ಎಸ್ಟೇಟ್‌ನಲ್ಲಿ 1895ರಲ್ಲಿ ಹುಟ್ಟಿದ ವಿಲಿಯಂ ಲೀಫ್ ರಾಬಿನ್ಸನ್ ಅನ್ನೋ ಹುಡುಗ ಈ ಶಾಲೆಯಲ್ಲಿ ಓದಿದ. ಮೊದಲ ಮಹಾಯುದ್ಧದಲ್ಲಿ ಜರ್ಮನ್ ಏರ್‌ಶಿಪ್‌ಗಳು ರಾತ್ರಿ ಹೊತ್ತು ಲಂಡನ್ ಮೇಲೆ ಬಾಂಬ್ ಹಾಕ್ತಿದ್ದವಲ್ಲ, ಬ್ರಿಟನ್ ನೆಲದ ಮೇಲೆ ಅಂಥದ್ದೊಂದನ್ನ ಮೊದಲು ಹೊಡೆದುರುಳಿಸಿದವನು ಇವನೇ. 1916ರ ಸೆಪ್ಟೆಂಬರ್ 3ರ ನಸುಕು, ವಯಸ್ಸು 21. ವಿಕ್ಟೋರಿಯಾ ಕ್ರಾಸ್ ಸಿಕ್ತು. ಎರಡೇ ವರ್ಷಕ್ಕೆ, 1918ರ ಡಿಸೆಂಬರ್ 31ಕ್ಕೆ, ಇನ್‌ಫ್ಲುಯೆಂಜಾದಿಂದ ಸತ್ತ. ಕೊಡಗಿನವರೇ ಆದ ಜನರಲ್ ಕೆ.ಎಸ್. ತಿಮ್ಮಯ್ಯ ಕೂಡ ಇದೇ ಶಾಲೆಯಲ್ಲಿ ಓದಿದವರು. ಸಾಮ್ರಾಜ್ಯ ಕಾಯೋಕೆ ಹುಡುಗರನ್ನ ತಯಾರು ಮಾಡೋದು ಇಂಥ ಶಾಲೆಗಳ ಒಂದು ಉದ್ದೇಶ. ಹಾಗೆ ತಯಾರಾದವರಲ್ಲೊಬ್ಬರು ಸ್ವತಂತ್ರ ಭಾರತದ ಸೇನೆಯ ಮುಖ್ಯಸ್ಥರಾದ್ರು.

‘ಪಬ್ಲಿಕ್ ಸ್ಕೂಲ್’ ಅನ್ನೋ ಪದದ ಬಗ್ಗೆಯೂ ಒಂದು ಮಾತು. ಜಕ್ಕೂರಿಂದ ಯಲಹಂಕಕ್ಕೆ ಹೋಗೋ ದಾರಿಯಲ್ಲಿ ಬೋರ್ಡ್ ಎಣಿಸ್ತಾ ಹೋಗಿ. ಪಬ್ಲಿಕ್ ಅಂತ ಬರ್ಕೊಂಡಿರೋವೆಲ್ಲಾ ಪ್ರೈವೇಟು, ಫೀಸು ಲಕ್ಷದ ಲೆಕ್ಕ. ಇಂಗ್ಲೆಂಡಿನಲ್ಲೂ ಇದೇ ತಮಾಷೆ. ಯಾವ ಊರಿನವರಾದ್ರೂ ದುಡ್ಡು ಕೊಟ್ಟು ಸೇರಬಹುದು, ಮನೆಪಾಠ ಅಲ್ಲ, ಆ ಅರ್ಥದಲ್ಲಿ ‘ಪಬ್ಲಿಕ್’. 1868ರ ಪಬ್ಲಿಕ್ ಸ್ಕೂಲ್ಸ್ ಕಾಯ್ದೆ ಅಲ್ಲಿ ಹೆಸರಿಸಿದ್ದು ಏಳೇ ಏಳು ಶಾಲೆಗಳನ್ನ, ರಗ್ಬಿಯೂ ಸೇರಿ. ಈಗ ನಮ್ಮ ಸರ್ಕಾರ ತನ್ನ ಶಾಲೆಗಳಿಗೇ ‘ಕರ್ನಾಟಕ ಪಬ್ಲಿಕ್ ಸ್ಕೂಲ್’ ಅಂತ ಹೆಸರಿಟ್ಟಿದೆ. ಪದಕ್ಕೆ ಕೊನೆಗೂ ಅದರ ಸರಿಯಾದ ಅರ್ಥ ಸಿಕ್ತಾ, ಇಲ್ಲಾ ಪ್ರೈವೇಟ್ ಶಾಲೆಯ ಗತ್ತು ಸರ್ಕಾರಕ್ಕೂ ಬೇಕಾಯ್ತಾ, ನೀವೇ ಹೇಳಿ.

ಈಗ ಅಸಲು ವಿಷಯಕ್ಕೆ ಬರ್ತೀನಿ. ಲಿಫ್ಟ್‌ನಲ್ಲಿ ಆ ಹುಡುಗನ ಎದೆ ಮೇಲಿದ್ದ ಬ್ಯಾಡ್ಜ್‌ನಲ್ಲಿ ಏನು ಬರೆದಿತ್ತು ಗೊತ್ತಾ? ‘ಕ್ಲಾಸ್ ಮಾನಿಟರ್’.

ಪ್ರಿಫೆಕ್ಟ್ ಮತ್ತು ಮಾನಿಟರ್, ನಮಗೆ ಎರಡೂ ಒಂದೇ. ಇತಿಹಾಸದಲ್ಲಿ ಇವು ಬೇರೆ ಬೇರೆ ಕಡೆಯಿಂದ ಬಂದವು. ಪ್ರಿಫೆಕ್ಟ್ ಲ್ಯಾಟಿನ್ ಪದ, ಮೇಲಿಟ್ಟವನು ಅಂತ ಅರ್ಥ. ರೋಮನ್ ಅಧಿಕಾರಿಗಳಿಗಿದ್ದ ಹೆಸರು. ಆರ್ನಾಲ್ಡ್‌ನ ರಗ್ಬಿಯಲ್ಲಿ ಕೊನೆಯ ತರಗತಿಯ ದೊಡ್ಡ ಹುಡುಗರ ಕೈಗೆ ಶಿಸ್ತಿನ ಜವಾಬ್ದಾರಿ ಹೋಯ್ತು, ಬೆತ್ತವೂ ಜೊತೆಗೇ ಹೋಯ್ತು. ಮಾನಿಟರ್ ಕತೆ ಹಾಗಲ್ಲ. ಆ ಕತೆ ಹೇಳೋಕೆ ನಮ್ಮ ಮನೆ ಹತ್ರದ ರಸ್ತೆಗೇ ಬರಬೇಕು.

ಹೆಬ್ಬಾಳದಿಂದ ಜಕ್ಕೂರು, ಯಲಹಂಕ ದಾಟಿ ಹೋಗೋ ರಸ್ತೆಯನ್ನ ಈಗ ಎಲ್ರೂ ಏರ್‌ಪೋರ್ಟ್ ರೋಡ್ ಅಂತಾರೆ. ಅದರ ಹೆಸರು ಬಳ್ಳಾರಿ ರಸ್ತೆ. ಇನ್ನೂರು ವರ್ಷದ ಹಿಂದೆ ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು. 1822ರಲ್ಲಿ ಮದ್ರಾಸ್ ಗವರ್ನರ್ ಥಾಮಸ್ ಮನ್ರೋ ಎಲ್ಲಾ ಜಿಲ್ಲೆಗೂ ಪತ್ರ ಬರೆದ: ನಿಮ್ಮಲ್ಲಿ ಎಷ್ಟು ಶಾಲೆ ಇವೆ, ಏನು ಕಲಿಸ್ತಾರೆ ತಿಳಿಸಿ. ಬಳ್ಳಾರಿ ಕಲೆಕ್ಟರ್ ಎ.ಡಿ. ಕ್ಯಾಂಬೆಲ್ 1823ರ ಆಗಸ್ಟ್‌ನಲ್ಲಿ ಕಳಿಸಿದ ಉತ್ತರ ಇವತ್ತು ಓದಿದ್ರೂ ಕಣ್ಣಿಗೆ ಕಟ್ಟುತ್ತೆ. ಇಡೀ ಜಿಲ್ಲೆಯಲ್ಲಿ 533 ಶಾಲೆ, ಹೆಚ್ಚಿನವು ಕನ್ನಡ ಮತ್ತು ತೆಲುಗಿನವು. ಮಕ್ಕಳು 6,641. ಅದರಲ್ಲಿ ಹೆಣ್ಣುಮಕ್ಕಳು ಎಷ್ಟು ಗೊತ್ತಾ? ಅರವತ್ತು. ಕಾಮರ್ಸ್ ಓದಿದವನು ನಾನು, ಪರ್ಸೆಂಟೇಜ್ ಹಾಕದೇ ಇರೋಕಾಗಲ್ಲ: ನೂರಕ್ಕೆ ಒಂದೂ ಇಲ್ಲ. ಬೋರ್ಡ್ ಹಾಕದಿದ್ರೂ ಅವೆಲ್ಲಾ ಬಾಯ್ಸ್ ಸ್ಕೂಲೇ.

ಜಗಲಿ ಮೇಲೆ, ಗುಡಿ ಮಂಟಪದಲ್ಲಿ ನಡೀತಿದ್ದ ಇಂಥ ಶಾಲೆಗಳಿಗೆ ನಮ್ಮ ಕಡೆ ಕೂಲಿಮಠ ಅಂತಿದ್ರು. ಬೆಳಿಗ್ಗೆ ಆರಕ್ಕೆ ಶುರು. ಮೊದಲು ಬಂದ ಹುಡುಗನ ಅಂಗೈ ಮೇಲೆ ‘ಸರಸ್ವತಿ’ ಅಂತ ಬರೀತಿದ್ರಂತೆ. ಎರಡನೆಯವನ ಕೈಮೇಲೆ ಸೊನ್ನೆ, ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆತ್ತಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ಬಂದವರಿಗೆಲ್ಲಾ ಒಂದೊಂದು ಜಾಸ್ತಿ. ಶಾಲೆಗೆ ಸರಾಸರಿ ಹನ್ನೆರಡು ಮಕ್ಕಳು ಅಂದ್ರೆ ಕೊನೆಗೆ ಬಂದವನಿಗೆ ಹತ್ತು ಏಟು. ನಮ್ಮ ಆಫೀಸಿನ ಬಯೋಮೆಟ್ರಿಕ್ ಎಷ್ಟೋ ಮೇಲು. ಸೋಮಾರಿಗಳಿಗೆ ಇನ್ನೂ ಜೋರು: ಕೈಕಟ್ಟಿ ಸೂರಿಗೆ ನೇತುಹಾಕೋದು, ಇಲ್ಲಾ ಕೂತು ಎದ್ದು ಕೂತು ಎದ್ದು ಮಾಡಿಸೋದು. ಈ ಎರಡನೇದು ಯಾವುದು ಅಂತ ನಿಮಗೆ ಗೊತ್ತು. ಬಸ್ಕಿ! ನನ್ನ ಮಂಡಿಗೂ ಚೆನ್ನಾಗಿ ನೆನಪಿದೆ.

ಇದನ್ನೆಲ್ಲಾ ಬರೆದ ಕ್ಯಾಂಬೆಲ್ ಒಂದು ವಿಷಯಕ್ಕೆ ಮಾತ್ರ ಮನಸಾರೆ ಮೆಚ್ಚುಗೆ ಸೂಚಿಸ್ತಾನೆ. ಮುಂದೆ ಕಲಿತ ಹುಡುಗರು ಹಿಂದಿನವರಿಗೆ ಕಲಿಸ್ತಾರೆ, ಕಲಿಸ್ತಾ ತಮ್ಮ ಕಲಿಕೆಯನ್ನೂ ಗಟ್ಟಿ ಮಾಡ್ಕೊಳ್ತಾರೆ, ಇಂಗ್ಲೆಂಡ್ ಇದನ್ನ ನಕಲು ಮಾಡಿದ್ದು ಸರಿಯಾಗೇ ಇದೆ ಅನ್ನೋದು ಅವನ ಮಾತಿನ ಸಾರ.

ನಕಲು ಮಾಡಿದ್ದು ಹೇಗೆ? ಕ್ಯಾಂಬೆಲ್‌ಗಿಂತ ಮೂವತ್ತು ವರ್ಷ ಮೊದಲು ಮದ್ರಾಸಿನ ಎಗ್ಮೋರ್‌ನಲ್ಲಿ ಸೈನಿಕರ ಅನಾಥ ಗಂಡುಮಕ್ಕಳ ಶಾಲೆ ಒಂದಿತ್ತು. ಅದನ್ನ ನೋಡ್ಕೊಳ್ತಿದ್ದವನು ಆಂಡ್ರೂ ಬೆಲ್ ಅನ್ನೋ ಸ್ಕಾಟ್ಲೆಂಡಿನ ಪಾದ್ರಿ. ಒಂದಿನ ಅವನು ಊರ ಶಾಲೆಯೊಂದರಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದೋದನ್ನ ಕಂಡ. ತನ್ನ ಶಾಲೆಯಲ್ಲೂ ಮರಳು ಹರಡಿಸಿದ. ದೊಡ್ಡ ಮೇಷ್ಟ್ರುಗಳು ಒಪ್ಪಲಿಲ್ಲ, ಆಗ ಎಂಟು ವರ್ಷದ ಒಬ್ಬ ಹುಡುಗನಿಗೆ ಚಿಕ್ಕವರಿಗೆ ಕಲಿಸು ಅಂದ. ಕೆಲಸ ಆಯ್ತು. 1797ರಲ್ಲಿ ಲಂಡನ್‌ನಲ್ಲಿ ಅದರ ಬಗ್ಗೆ ಪುಸ್ತಕ ತಂದ, ಅದೇ ‘ಮದ್ರಾಸ್ ಸಿಸ್ಟಮ್’ ಅಂತ ಹೆಸರಾಯ್ತು, ಇಂಗ್ಲೆಂಡಿನ ಬಡಮಕ್ಕಳ ಶಾಲೆಗಳಿಗೆಲ್ಲಾ ಹಬ್ಬಿತು. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನಲ್ಲಿ ಇವತ್ತಿಗೂ ‘ಮದ್ರಾಸ್ ಕಾಲೇಜ್’ ಅನ್ನೋ ಹೈಸ್ಕೂಲ್ ಇದೆ. ಚೆನ್ನೈಯವರಿಗೇ ಬೇಡವಾದ ಮದ್ರಾಸ್ ಹೆಸರು ಅಲ್ಲಿ ಭದ್ರವಾಗಿ ಕೂತಿದೆ.

ಬೆಲ್ ಏನೂ ಸಂತ ಅಲ್ಲ. ಒಬ್ಬ ಮೇಷ್ಟ್ರ ಸಂಬಳದಲ್ಲಿ ನೂರಾರು ಮಕ್ಕಳನ್ನ ಸಂಭಾಳಿಸಬಹುದು ಅನ್ನೋದು ಸಾಹೇಬರಿಗೆ ಬಹಳ ಇಷ್ಟವಾದ ಭಾಗ. ನಾನು ಹೇಳ್ತಿರೋದು ಇಷ್ಟೇ: ನಮ್ಮ ಕಡೆಯ ಜಗಲಿಗಳಲ್ಲಿ ಮಾನಿಟರ್ ಅಂದ್ರೆ ಕಲಿಸೋ ಹುಡುಗ. ರಗ್ಬಿಯಿಂದ ಬಂದ ಪ್ರಿಫೆಕ್ಟ್ ಅಂದ್ರೆ ಕಾಯೋ ಹುಡುಗ. ನಮ್ಮ ಶಾಲೆಗಳಲ್ಲಿ ಮೊದಲನೆಯವನ ಹೆಸರನ್ನ ಎರಡನೆಯವನ ಕೆಲಸಕ್ಕೆ ಅಂಟಿಸಿದ್ದಾರೆ. ಮಿಸ್ ಹೊರಗೆ ಹೋದಾಗ ಮಾನಿಟರ್ ಏನು ಮಾಡ್ತಾನೆ? ಮಗ್ಗಿ ಹೇಳಿಕೊಡ್ತಾನಾ? ಇಲ್ಲ. ಬೋರ್ಡ್ ಮೇಲೆ ಮಾತಾಡಿದವರ ಹೆಸರು ಬರೀತಾನೆ.

ನಾನೂ ಬರೆದಿದ್ದೀನಿ. ಇದನ್ನ ಹೇಳಬೇಕಾ ಬೇಡ್ವಾ ಅಂತ ಸುಮಾರು ದಿನ ಯೋಚನೆ ಮಾಡಿದೆ.

ನಾನು ಓದಿದ ಶಾಲೆಯ ಹೆಸರು ಬೇಡ. ಏಳನೇ ಕ್ಲಾಸಲ್ಲಿ ನಾನು ಲೀಡರ್. ನಮ್ಮಲ್ಲಿ ಒಂದು ನೂರು ಪೇಜಿನ ನೋಟ್‌ಬುಕ್ ಇತ್ತು, ಮೇಲೆ ‘ವರ್ನ್ಯಾಕ್ಯುಲರ್’ ಅಂತ ಬರೆದಿತ್ತು. ಆ ಪದದ ಅರ್ಥ ನಮಗ್ಯಾರಿಗೂ ಗೊತ್ತಿರಲಿಲ್ಲ, ಬೈಗುಳ ಅಂದ್ಕೊಂಡಿದ್ವಿ. ಕ್ಲಾಸಲ್ಲಿ ಯಾರು ಕನ್ನಡ ಮಾತಾಡಿದ್ರೂ ಹೆಸರು ಬರ್ಕೊಂಡು, ಒಂದು ಸಲಕ್ಕೆ ಐದು ರೂಪಾಯಿ ವಸೂಲಿ ಮಾಡಿ ಮಿಸ್‌ಗೆ ಕೊಡಬೇಕು. ನಾನು ಪಕ್ಕಾ ಲೆಕ್ಕ ಇಡ್ತಿದ್ದೆ, ಬಹುಶಃ ನನ್ನ ಮೊದಲ ಅಕೌಂಟ್ಸ್ ಪುಸ್ತಕ ಅದೇ. ನನ್ನ ಬೆಂಚಿನ ಗೆಳೆಯ ಒಬ್ಬ ಇದ್ದ. ಅವರಪ್ಪ ಯಲಹಂಕದಲ್ಲಿ ಆಟೋ ಓಡಿಸ್ತಿದ್ರು. ಇಂಗ್ಲಿಷ್ ಬರೋದಕ್ಕಿಂತ ಮೊದಲು ಅವನಿಗೆ ನಗು ಬರ್ತಿತ್ತು, ನಗೋದು ಕನ್ನಡದಲ್ಲೇ. ಒಂದೇ ವಾರದಲ್ಲಿ ಅವನ ಹೆಸರಿನ ಮುಂದೆ ಒಂಬತ್ತು ಗೆರೆ. ನಲವತ್ತೈದು ರೂಪಾಯಿ. “ಲೋ, ಎರಡು ಅಳಿಸೋ” ಅಂದ. ನಾನು ಇಂಗ್ಲಿಷಲ್ಲಿ ಉತ್ತರ ಕೊಟ್ಟೆ, ರೂಲ್ ಈಸ್ ರೂಲ್ ಅಂತ. ಮತ್ತೆ ಅದನ್ನ ಕೇಳಿದ್ದಕ್ಕೆ ಹತ್ತನೇ ಗೆರೆ ಹಾಕಿದೆ.

ಅವನು ಆಮೇಲೆ ಕ್ಲಾಸಲ್ಲಿ ಮಾತಾಡೋದನ್ನೇ ಬಿಟ್ಟ. ಕನ್ನಡವೂ ಇಲ್ಲ, ಇಂಗ್ಲಿಷೂ ಇಲ್ಲ. ಎಂಟನೇ ಕ್ಲಾಸಿಗೆ ಬೇರೆ ಶಾಲೆಗೆ ಹೋದ.

ಈ ಎಪಿಸೋಡ್‌ಗೆ ಓದುವಾಗ ನನಗೆ ಸಿಕ್ಕಿದ್ದು ವೇಲ್ಸ್ ದೇಶದ ಕತೆ. ಹತ್ತೊಂಬತ್ತನೇ ಶತಮಾನದಲ್ಲಿ ಅಲ್ಲಿನ ಎಷ್ಟೋ ಶಾಲೆಗಳಲ್ಲಿ ವೆಲ್ಶ್ ಮಾತಾಡಿದ ಮಗುವಿನ ಕುತ್ತಿಗೆಗೆ ಮರದ ತುಂಡು ಕಟ್ತಿದ್ರು. ಅದಕ್ಕೆ ‘ವೆಲ್ಶ್ ನಾಟ್’ ಅಂತ ಹೆಸರು. ಆ ಮಗು ಅದನ್ನ ಕಳಚಬೇಕು ಅಂದ್ರೆ ವೆಲ್ಶ್ ಮಾತಾಡೋ ಇನ್ನೊಂದು ಮಗುವನ್ನ ಹಿಡಿದುಕೊಡಬೇಕು. ಸಂಜೆ ಯಾರ ಕುತ್ತಿಗೆಯಲ್ಲಿ ಉಳೀತೋ ಅವರಿಗೆ ಏಟು. ಕೆನ್ಯಾದ ಲೇಖಕ ಗೂಗಿ ವಾ ಥಿಯಾಂಗೊ ತಮ್ಮ ಶಾಲೆಯಲ್ಲೂ ಇಂಥದ್ದೇ ಇತ್ತು ಅಂತ 1986ರ ತಮ್ಮ ಪುಸ್ತಕದಲ್ಲಿ ಬರೆದಿದ್ದಾರೆ. ಎಲ್ಲಾ ಕಡೆ ಹಿಡಿಯೋದು ಮೇಷ್ಟ್ರಲ್ಲ, ಹುಡುಗರು. ವೇಲ್ಸ್‌ನ ಮರದ ತುಂಡು ನಮ್ಮ ಶಾಲೆಯಲ್ಲಿ ನೂರು ಪೇಜಿನ ನೋಟ್‌ಬುಕ್ ಆಗಿತ್ತು, ಅಷ್ಟೇ ವ್ಯತ್ಯಾಸ.

ಕಾನೂನು ಈಗ ಬದಲಾಗಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಕ್ಕಳಿಗೆ ದೈಹಿಕ ಶಿಕ್ಷೆ, ಮಾನಸಿಕ ಹಿಂಸೆ ಎರಡನ್ನೂ ನಿಷೇಧಿಸುತ್ತೆ. ಕನ್ನಡ ಕಲಿಕೆ ಕಾಯ್ದೆ 2015ರಲ್ಲಿ ಬಂತು, 2017-18ರಿಂದ ಒಂದನೇ ತರಗತಿಯಿಂದ ಹಂತ ಹಂತವಾಗಿ ಸಿಬಿಎಸ್‌ಇ, ಐಸಿಎಸ್‌ಇ ಶಾಲೆಗಳಲ್ಲೂ ಕನ್ನಡ ಕಲಿಸಲೇಬೇಕು. ಪಿರಿಯಡ್‌ನಲ್ಲಿ ಕನ್ನಡ ಇರುತ್ತೆ. ಕಾರಿಡಾರ್‌ನಲ್ಲಿ ಇರುತ್ತಾ ಅನ್ನೋದು ಬೇರೆ ಪ್ರಶ್ನೆ.

ಎಪಿಸೋಡ್ ಬರೆದು ಮುಗಿಸೋ ಮುಂಚೆ ಆ ಗೆಳೆಯನ ನಂಬರ್ ಹುಡುಕಿ ಫೋನ್ ಮಾಡಿದೆ. ಹದಿನೈದು ವರ್ಷದ ಮೇಲಾಗಿತ್ತು ಮಾತಾಡಿ. ಈಗ ಅವನದೇ ಎರಡು ಟೆಂಪೋ ಟ್ರಾವೆಲರ್ ಇವೆ, ಬೆಳಿಗ್ಗೆ ಸ್ಕೂಲ್ ಟ್ರಿಪ್ಪು, ರಾತ್ರಿ ಏರ್‌ಪೋರ್ಟ್ ಟ್ರಿಪ್ಪು. ವಿಷಯ ಹೇಳಿದೆ, ಹೆಸರು ಹಾಕಲ್ಲ ಅಂದೆ. ನೋಟ್‌ಬುಕ್ ಬಗ್ಗೆ ಕೇಳಿದ್ರೆ ಜೋರಾಗಿ ನಕ್ಕ.

“ಐವತ್ತು ರೂಪಾಯಿ ಕಣೋ ಅದು,” ಅಂದ. “ನಮ್ಮಪ್ಪನ ಕಿಸೆಯಿಂದ ತೆಗ್ದಿದ್ದೆ. ಗೊತ್ತಾಗಿ ಬೆಲ್ಟಲ್ಲಿ ಹೊಡೆದ್ರು.”

ನನಗೆ ಏನು ಹೇಳಬೇಕೋ ತೋಚಲಿಲ್ಲ. ಸಾರಿ ಮಗಾ ಅಂದೆ.

“ಇಂಗ್ಲಿಷಲ್ಲಿ ಬೇಡ,” ಅಂದ.

ಆಮೇಲೆ ಅವನೇ ಮಾತು ಬದಲಾಯಿಸಿ ತನ್ನ ಮಗಳ ವಿಷಯ ತೆಗೆದ. ಯುಕೆಜಿಯಂತೆ, ಮೊನ್ನೆ ಹೌಸ್ ಕೊಟ್ಟಿದ್ದಾರಂತೆ. ಯಾವುದು ಅಂತ ಕೇಳಿದೆ. ಗ್ರೀನು.

ಅಷ್ಟೇ ಈ ವಾರಕ್ಕೆ. ನಿಮ್ಮ ಶಾಲೆಯಲ್ಲಿ ಇಂಥ ಪದಗಳು, ರೂಲ್‌ಗಳು ಇದ್ದಿದ್ರೆ ವಾಯ್ಸ್ ನೋಟ್ ಕಳಿಸಿ. ಹೆಸರು ಹೇಳೋದು ಬೇಡ ಅಂದ್ರೆ ಹೇಳಬೇಡಿ, ನಾನು ಬರ್ಕೊಳ್ಳೋದಿಲ್ಲ.